ಅತ್ತೆಯ ಕಸರತ್ತು

ಕೌಸರ ಹಂಡೆಯಿಂದ ಬಿಸಿನೀರು ಮೊಗೆಯಲು ತಂಬಿಗೆ ಇಳಿಸಿದ್ದಳಷ್ಟೇ, ರೋಶನಬಿ ಅದನ್ನು ಕಸಿದುಕೊಂಡಳು.

"ನೀ ಬಿಡವ್ವಾ. ಕೈ ಎತ್ತಾಕ ಬರೂದಿಲ್ಲ ನಿನಗ. ಮೈಯತ್ತಿನ ಮ್ಯಾಲ ತಂಬಿಗಿ ಬಿದ್ದರ ಏನ್ ಗತಿ?"

ಹಿತ್ತಲಲ್ಲಿ ನಾಲ್ಕೂ ಕಡೆ ಚಾದರ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಅತ್ತೆ ಅಮೀನಬಿಯ ಮೈಯತ್ತನ್ನು ಮಲಗಿಸಿದ್ದರು. ರಾತ್ರಿ ನಿದ್ದೆಯಲ್ಲೇ ಹೋದವಳು. ಮುಳಗುಂದದ ಮುಸಲ್ಮಾನರಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸುವವಳು ರೋಶನಬಿಯೇ. ಆದರೆ ಇವತ್ತಿನ ನೀರು ತಾನೇ ಹಾಕಬೇಕೆಂದು ಕೌಸರಳ ಹಟ. ಅಮೀನಬಿಗೆ ಹೆಣ್ಣುಮಕ್ಕಳಿರಲಿಲ್ಲ, ಇದ್ದೊಬ್ಬ ಸೊಸೆ ಇದನ್ನೂ ಮಾಡದಿದ್ದರೆ ಮತ್ತೇನು ಮಾಡಿದಂತಾಯಿತು?

"ಎತ್ತತೇನಿ ರೋಶನಬಿ, ಈಗ ಎತ್ತತೇನಿ" ಎಂದಳು ಕೌಸರ.

ನೀರು ಕಾಯಿಸಿ ತಂದಿದ್ದ ಪಕ್ಕದ ಮನೆಯ ಮರಿಯವ್ವ ಮರೆಯ ಆಚೆಯಿಂದ ದನಿಗೂಡಿಸಿದಳು: "ಹೆಂಗ ಎತ್ತತಾಳ ಪಾಪ? ಆ ಮುದುಕಿ ಏನ್ ಕಮ್ಮಿ ಕಾಡ್ಯಾಳೇನ? ಕೈ ಬರಂಗಿಲ್ಲ ಅಂತ ಗೊತ್ತಿದ್ದೂ ಚಾಪುಡಿ ಡಬ್ಬಿ ಮ್ಯಾಲಿಡ್ತಿದ್ಲು. ಸತ್ತೋರ ಬಗ್ಗೆ ಅನ್ನಬಾರದು, ಆದ್ರೂ..."

ಅನ್ನಬಾರದು ಅನ್ನುತ್ತಲೇ ಎಲ್ಲವನ್ನೂ ಅಂದು ಮುಗಿಸುವುದು ಮರಿಯವ್ವನ ಪದ್ಧತಿ. ಕೌಸರಳಿಗೆ ಅಳುವಿನ ನಡುವೆಯೂ ನಗು ಬಂತು.

*

ಹೋದ ವರ್ಷ ಕೌಸರಳ ಬಲ ಹೆಗಲು ಹಿಡಿದುಕೊಂಡಿತ್ತು. ತಲೆ ಬಾಚಿಕೊಳ್ಳಲೂ ಕೈ ಏಳದು. ಅಮೀನಬಿ ಎಣ್ಣೆ ತಿಕ್ಕಿದಳು, ಓಡಣಿಯಿಂದ ಸೊಸೆಯ ಕೈಯನ್ನು ಎದೆಗೆ ಕಟ್ಟಿದಳು, ರೊಟ್ಟಿ ತಾನೇ ಬಡಿದಳು, ಜಡೆ ತಾನೇ ಹಾಕಿದಳು, ಒಂದು ಬಟ್ಟಲನ್ನೂ ಎತ್ತಗೊಡಲಿಲ್ಲ. ಅಷ್ಟು ಅಕ್ಕರೆಗೆ ಹೆಗಲು ಇನ್ನಷ್ಟು ಬಿಗಿಯಾಯಿತು.

ಕೊನೆಗೆ ಅತ್ತೆ ಸೊಸೆ ಬಸ್ಸು ಹತ್ತಿ ಗದಗಕ್ಕೆ ಹೋದರು. ಫಿಜಿಯೋಥೆರಪಿ ಮಾಡುವ ಸುಶ್ಮಿತಾ ಕಟ್ಟು ಬಿಚ್ಚಿ, ಹೆಗಲಿಗೆ ಬಿಸಿ ಕೊಟ್ಟು, ಮೊಣಕೈ ಹಿಡಿದು ಮೆಲ್ಲಗೆ ಕೈ ಎತ್ತಿಸಿದಳು. ಕೌಸರ ಕಿರುಚಿದಳು, ಅವಳಿಗಿಂತ ಜೋರಾಗಿ ಅಮೀನಬಿ ಕಿರುಚಿದಳು.

"ಕಟ್ಟಿಟ್ಟಷ್ಟೂ ಕೀಲು ಹಿಡೀತೈತ್ರಿ ಅಜ್ಜಿ. ಇವರ ಕೆಲಸ ಇವರ ಮಾಡ್ಲಿ. ದಿನಾ ಸ್ವಲ್ಪ ಮ್ಯಾಲಕ್ಕ ಕೈ ಹೋಗಬೇಕು. ನಿಮ್ಮ ಪ್ರೀತಿ ಜರಾ ಕಮ್ಮಿ ಮಾಡ್ರಿ."

"ಅದೊಂದು ಆಗಂಗಿಲ್ಲವ್ವಾ" ಎಂದಳು ಅಮೀನಬಿ. "ಬೇಕಾದ್ರ ಡಬ್ಬಿ ಮ್ಯಾಲಿಡತೇನಿ."

ಇಟ್ಟಳು. ಚಹಾಪುಡಿ ಮೊದಲು ಒಲೆಯ ಪಕ್ಕ, ಆಮೇಲೆ ಗೋಡೆಯ ಕೆಳಗಿನ ಮಾಡದಲ್ಲಿ, ಆಮೇಲೆ ಅದರ ಮೇಲಿನದರಲ್ಲಿ. ಸೊಸೆ ಹಲ್ಲು ಕಚ್ಚಿ ಗೋಡೆಯ ಮೇಲೆ ಬೆರಳು ಹತ್ತಿಸುವ ಕಸರತ್ತು ಮಾಡುವಾಗ ಅತ್ತೆ ಬೆನ್ನು ತಿರುಗಿಸಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಓಣಿಯವರು ಅವಳನ್ನು ಕಟುಕಿ ಎಂದರು.

"ಅನ್ನಲಿ ಬಿಡ" ಎಂದು ನಗುತ್ತಿದ್ದಳು ಅಮೀನಬಿ. "ಅವರ ಬಾಯಿಗೂ ಕಸರತ್ತು ಬೇಕಲ್ಲ."

*

"ಅಯ್ಯ, ಈ ಕೈ ಹಿಂಗ್ಯಾಕಾತು?" ಎಂದಳು ರೋಶನಬಿ.

ಕೆನ್ನೆಗೆ ಕೈ ಕೊಟ್ಟು ಮಲಗಿದ್ದ ಅಮೀನಬಿಯ ತೋಳು ಹಾಗೆಯೇ ಮಡಚಿ ಸೆಟೆದಿತ್ತು. ಪ್ರಾಣ ಹೋದ ಕೂಡಲೇ ಕೈಕಾಲು ಮಡಚಿ ನೀಡಿ ಸಡಿಲ ಮಾಡುವುದು ರೂಢಿ. ಮನೆಯವರಿಗೆ ತಿಳಿದದ್ದೇ ತಡವಾಗಿ. ಕೈ ನೇರವಾಗದೆ ಕಫನ್ ಬಟ್ಟೆ ಸುತ್ತುವಂತಿರಲಿಲ್ಲ. ರೋಶನಬಿ ಮಣಿಕಟ್ಟು ಹಿಡಿದು ಎಳೆಯಹೋದಳು.

"ಎಳೀಬ್ಯಾಡ್ರಿ!" ಕೌಸರ ಅಡ್ಡ ಬಂದಳು. "ನೋವಾಗತೈತಿ ಆಕಿಗೆ."

ರೋಶನಬಿ ಕೈ ಬಿಟ್ಟು ಸರಿದು ನಿಂತಳು.

ಕೌಸರ ಬಟ್ಟೆಯನ್ನು ಬಿಸಿನೀರಿಗದ್ದಿ ಹಿಂಡಿ ಅತ್ತೆಯ ಹೆಗಲಿಗೆ, ಮೊಣಕೈಗೆ ಸುತ್ತಿದಳು. ಒಂದು ಅಂಗೈ ಮೊಣಕೈ ಕೆಳಗೆ, ಇನ್ನೊಂದು ಮಣಿಕಟ್ಟಿನ ಕೆಳಗೆ. ಕೊಂಚ ನೀಡಿದಳು, ತಡೆದಳು, ಮತ್ತೆ ಕೊಂಚ ನೀಡಿದಳು. "ಆತು ಅಮ್ಮೀ, ಇನ್ನೊಂದೀಟ, ಆತು" ಎನ್ನುತ್ತಿದ್ದಳು. ಕೀಲು ನಿಧಾನವಾಗಿ ಬಿಟ್ಟುಕೊಟ್ಟಿತು. ಕೈ ಮೈಪಕ್ಕಕ್ಕೆ ಬಂದು ಮಲಗಿತು.

"ನೀನ ಹಾಕವ್ವಾ ನೀರು" ಎಂದಳು ರೋಶನಬಿ.

ಬೋರೆಗಿಡದ ಎಲೆ ಕುದಿಸಿದ ನೀರನ್ನು ಕೌಸರ ಅತ್ತೆಯ ಬಲಮಗ್ಗುಲಿಗೆ ಹಾಕತೊಡಗಿದಳು. ಅಷ್ಟರಲ್ಲಿ ಗಾಳಿ ಬೀಸಿ ಚಾದರದ ಒಂದು ಗಂಟು ಬಿಚ್ಚಿತು, ಮರೆ ಜಾರಿತು. ತಂಬಿಗೆಯನ್ನು ಎಡಗೈಗೆ ದಾಟಿಸಿ ಕೌಸರ ಬಲಗೈ ಚಾಚಿ ಅದನ್ನು ಹಿಡಿದಳು. ಹೆಗಲು ಚುರ್ರೆಂದಿತು. ಅತ್ತೆಯ ಮೈ ಯಾರ ಕಣ್ಣಿಗೂ ಬೀಳಬಾರದು. ಅವಳು ಕೈ ಇಳಿಸಲಿಲ್ಲ.

"ತಡಿಯವ್ವಾ, ನಾ ಕಟ್ಟತೇನಿ" ಎನ್ನುತ್ತ ಹೊರಗಿನಿಂದ ಓಡಿ ಬಂದ ಮರಿಯವ್ವ ಅಲ್ಲಿಯೇ ನಿಂತುಬಿಟ್ಟಳು. ತನ್ನ ತಲೆಗಿಂತ ಒಂದು ಗೇಣು ಮೇಲೆ, ಚಾದರದ ಅಂಚನ್ನು ಕೌಸರಳ ಐದೂ ಬೆರಳು ಗಟ್ಟಿಯಾಗಿ ಹಿಡಿದಿದ್ದವು. ಒಳಗೆ ನೀರು ಸುರಿಯುವ ಸದ್ದು ನಿಂತಿರಲಿಲ್ಲ.