ಮೀಸಿಯರು, ಮೀಸೆಯವರು

ಮೈಕು ಕುಂಯ್ಯೆಂದಿತು, ಥೂ, ಇನ್ನೊಂದು ಸಲ ನೋಡಿಬಿಡೋಣ ಎಂದು ದೇವಕಮ್ಮ ವೇದಿಕೆಯ ಮೇಲೆಯೇ ಪುಸ್ತಕ ತೆರೆದಳು, ಇಲ್ಲ, ಹಾಗೇ ಇದೆ, ಮೀಸೆಯವರು, ಮುಖಪುಟದಲ್ಲೂ ಪುಟಪುಟದಲ್ಲೂ ಮೀಸೆಯವರು, ತಾನು ಬರೆದದ್ದು ಮೀಸಿಯರು, ಗ್ರೀಕರ ನೆರೆಯಲ್ಲಿ, ಈಗಿನ ತುರ್ಕಿಯ ನೆಲದಲ್ಲಿ ಎಂದೋ ಬಾಳಿ ಅಳಿದ ಜನ, ಶಹಾಪುರದ ಶಾಲೆಯಲ್ಲಿ ಇತಿಹಾಸ ಕಲಿಸುತ್ತ ಕಲಿಸುತ್ತ ಬರೆದ ಒಂದೇ ಒಂದು ಪುಸ್ತಕ, ಇವತ್ತು ಸುರಪುರದಲ್ಲಿ ಬಿಡುಗಡೆ, ಅಚ್ಚು ಹಾಕಿದ ಭಗವಂತರಾಯ ಪಕ್ಕದಲ್ಲೇ ಶಾಲು ಹೊದ್ದು ಹಲ್ಲುಕಿರಿಯುತ್ತಿದ್ದಾನೆ, ಅಕ್ಕಾರ, ಮೀಸಿ ಅನ್ನೋದು ನಮ್ಮ ಮನ್ಯಾಗಿನ ಮಾತಾತ್ರಿ, ಪುಸ್ತಕದಾಗ ಛಲೋ ಕಾಣಂಗಿಲ್ಲಂತ ನಾನೇ ಮೀಸೆ ಮಾಡೀನಿ, ಒಂದೂ ಬಿಟ್ಟಿಲ್ಲ ನೋಡ್ರಿ — ಒಂದೂ ಬಿಟ್ಟಿಲ್ಲವಂತೆ, ಪುಣ್ಯಾತ್ಮ, ಉಳಿದ ತಪ್ಪುಗಳನ್ನೆಲ್ಲ ಹಾಗೇ ಬಿಟ್ಟಿದ್ದಾನೆ! ಆ ಜನಕ್ಕೆ ಉಳಿದದ್ದೇ ಹೆಸರು, ಅದನ್ನೂ ಗ್ರೀಕರು ಬೈಗುಳ ಮಾಡಿಟ್ಟರು, ಕೈಲಾಗದವನನ್ನು ಕಂಡರೆ ಇವನು ಮೀಸಿಯರಲ್ಲೇ ಕಡೆಯವನು ಎನ್ನುವುದು, ಓದಿದ ದಿನ ಮೈ ಉರಿದಿತ್ತು, ಮೈಸೂರಿನ ತರಬೇತಿಯಲ್ಲಿ ತನ್ನನ್ನೂ ಒಬ್ಬಾಕೆ, ಓ, ನೀವು ಆ ಕಡೆಯವರಾ ಎಂದು ಮುಖ ತಿರುಗಿಸಿದ್ದಳಲ್ಲ, ಇಲ್ಲಿಗೆ ಕಾಲುವೆ ಬಂತು, ನೀರಿಗಿಂತ ಮೊದಲು ಎಂಜಿನಿಯರುಗಳು ಬಂದು ನೀರು ಮುಟ್ಟದ ತುದಿಯ ಊರುಗಳಿಗೆಲ್ಲ ಟೇಲೆಂಡಿನವರು ಎಂದು ಹೆಸರಿಟ್ಟು ಹೋದರು, ಕನ್ನಡದಲ್ಲಾದರೂ ಮೀಸಿಯರ ಹೆಸರು ಮರ್ಯಾದೆಯಿಂದ ಇರಲಿ ಎಂದು ಬರೆದರೆ ಇದು, ನಗೆಪಾಟಲು, ಗ್ರೀಕರೇ ವಾಸಿ, ಅವರು ಹೆಸರನ್ನಾದರೂ ತಿದ್ದಲಿಲ್ಲ, ಇಲ್ಲ, ಸಾಕು, ಎದ್ದು ಹೇಳಿಯೇಬಿಡುತ್ತೇನೆ, ಇದು ತಪ್ಪು, ಇವರು ಮೀಸೆಯವರಲ್ಲ, ಪುಸ್ತಕ ಮುಟ್ಟಬೇಡಿ —

ಈಗ ಅಕ್ಕಾರು ಮಾತಾಡ್ತಾರ್ರಿ, ಎಂದರು ನಿರೂಪಕರು, ಎದ್ದಳು, ಮುಂದಿನ ಸಾಲಿನಲ್ಲಿ ಅಯ್ಯಣ್ಣನೂ ಎದ್ದ, ಕಾಲುವೆಯ ತುದಿಯ ಊರಿನವನು, ಮೊಮ್ಮಗಳನ್ನು ಇವಳ ಶಾಲೆಗೆ ಕಳಿಸುವವನು, ಎಲ್ಲಾರೂ ನಮಗ ಟೇಲೆಂಡ್ ಮಂದಿ ಅಂತಾರ್ರಿ ಅಕ್ಕಾರ, ನೀವೊಬ್ಬರೇ ನೋಡ್ರಿ ಮೀಸಿ ಮಂದಿ ಅಂತ ಬರದೀರಿ, ಸಣ್ಣ ಮಾತಲ್ರಿ, ಎಂದು ಬಿಳಿ ಮೀಸೆಗೆ ಕೈಹಾಕಿದ, ಹಿಂದೆ ಕೂತ ಅವನ ಊರಿನವರೂ ಒಬ್ಬೊಬ್ಬರಾಗಿ ಮೀಸೆ ತಿರುವಿದರು, ಅಯ್ಯೋ ದೇವರೇ, ನಿಮ್ಮ ಬಗ್ಗೆ ಅಲ್ಲಪ್ಪ, ಎಲ್ಲಿಯ ತುರ್ಕಿ, ಎಲ್ಲಿಯ ನೀನು, ಮತ್ತು ಅಚ್ಚಿನಲ್ಲಿ ಕೆಟ್ಟುಹೋದ ಹೆಸರು ಇವನೊಬ್ಬನ ಬಾಯಲ್ಲಿ ನೆಟ್ಟಗೆ ಬಂತಲ್ಲ, ಮೀಸಿ, ಈಗ ತಿದ್ದಿದರೆ ಇವನು ಕೂರುತ್ತಾನೆ, ಕೈ ಇಳಿಸುತ್ತಾನೆ, ತಿದ್ದದಿದ್ದರೆ ಆ ಮೀಸಿಯರು ಹೋದರು, ಶಾಶ್ವತವಾಗಿ ಹೋದರು, ಹೇಳು, ಮೈಕು ತುಟಿಗೆ ತಣ್ಣಗೆ ತಾಗಿತು, ಬಂಧುಗಳೇ, ಈ ಪುಸ್ತಕದಲ್ಲಿರುವವರು, ಇವರು, ಅವನ ಬೆರಳು ಮೀಸೆಯ ತುದಿಯಲ್ಲಿ, ಹೇಳು, ಇವರು ಯಾರೆಂದರೆ, ಬೆರಳು, ಮೀಸೆಯ ತುದಿಯಲ್ಲಿ