ಪರದೆಯ ಕೆಳಗಿನ ಸಾಲು

ಕಡಲಪಾಚಿ ಹುರಿಯುವ ಕಾರ್ಖಾನೆಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಎಣ್ಣೆಗೆ ಬೆಂಕಿ ಹತ್ತಿದಾಗ ಒಂಬತ್ತು ಜನ ಹೆಂಗಸರು ಆ ಬಾಗಿಲ ಬುಡದಲ್ಲಿ ಸತ್ತರು. ಅದಕ್ಕೂ ಹನ್ನೆರಡು ದಿನ ಮೊದಲು ಸರ್ಕಾರದ ತಪಾಸಣಾಧಿಕಾರಿ ಬಂದು, ಅದೇ ಬೀಗ ನೋಡಿ, 'ಸರಿಯಿದೆ' ಎಂದು ಬರೆದು ಮೊಹರು ಒತ್ತಿ ಹೋಗಿದ್ದ.

ಬೆಂಕಿಯಾದ ನಲವತ್ತೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೇಶದ ಅಧ್ಯಕ್ಷರು ಟೀವಿಯಲ್ಲಿ ಮಾತಾಡಿದರು. ಬಂದರಿನ ಮೀನು ಮಾರುಕಟ್ಟೆಯ ಊಟದಂಗಡಿಯಲ್ಲಿ ರಬ್ಬರ್ ಬೂಟುಗಳ ಸಮೇತ ಜನ ನೆರೆದಿದ್ದರು. ಒಲೆಯ ಮೇಲೆ ಸಾರು ಕುದಿದು ಬತ್ತುತ್ತಿದ್ದರೂ ಆರಿಸುವವರಿರಲಿಲ್ಲ. ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಪಿಲ್ಸುನ್ ಕೂತಿದ್ದಳು. ಕೂರಿಸಿದವಳು ಸಿಯೋಲಿನಿಂದ ಬಂದ ಟೀವಿ ವರದಿಗಾರ್ತಿ. ಗೋಡೆಯ ಟೀವಿಯ ಕೆಳಗೇ ಕ್ಯಾಮೆರಾ ನಿಲ್ಲಿಸಿ ಪಿಲ್ಸುನ್‌ಳ ಮುಖಕ್ಕೆ ಗುರಿ ಮಾಡಿದ್ದರು. ಮಾರುಕಟ್ಟೆಯಲ್ಲಿ ಸಿಂಪಿಯ ಚಿಪ್ಪು ಬಿಡಿಸುವ ಪಿಲ್ಸುನ್, ಸತ್ತವರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನಾರೇಯ ತಾಯಿ.

ಐದು ಮನೆಯವರು ಮಣ್ಣು ಮುಗಿಸಿದ್ದರು. ಉಳಿದ ನಾಲ್ಕು ಪೆಟ್ಟಿಗೆಗಳು, ನಾರೇಯದೂ ಸೇರಿ, ಆಸ್ಪತ್ರೆಯ ಶೀತಲ ಕೋಣೆಯಲ್ಲೇ ಇದ್ದವು. "ತಪ್ಪು ನಮ್ಮದು, ಕ್ಷಮಿಸಿ" ಎಂದು ಸರ್ಕಾರ ತನ್ನ ಬಾಯಿಂದ ಹೇಳುವವರೆಗೆ ಪೆಟ್ಟಿಗೆ ಎತ್ತುವುದಿಲ್ಲವೆಂದು ನಾಲ್ಕು ಮನೆಯವರೂ ಮಾತು ಕೊಟ್ಟುಕೊಂಡಿದ್ದರು. ರೂಢಿಯಂತೆ ಸತ್ತ ಮೂರು ದಿನದಲ್ಲಿ ಮುಗಿಯಬೇಕಾದ ಕಾರ್ಯ. ನಾರೇಗೆ ಚಳಿಯೆಂದರೆ ಆಗುತ್ತಿರಲಿಲ್ಲ. ಮೇ ತಿಂಗಳಲ್ಲೂ ಕಾಲುಚೀಲ ಹಾಕಿಕೊಂಡು ಮಲಗುವ ಹುಡುಗಿ. ದಿನಾ ಅದೊಂದನ್ನೇ ನೆನೆದು ಪಿಲ್ಸುನ್ ಬೆಳಗಾಗುವುದರೊಳಗೆ ಸೋಲುತ್ತಿದ್ದಳು, ಬೆಳಗಾದ ಮೇಲೆ ಮತ್ತೆ ಎದ್ದು ಕೂರುತ್ತಿದ್ದಳು.

ಕನ್ನಡಕವನ್ನು ಅವಳು, ಸತ್ತವರ ಮನೆಯವರು ಬೀದಿಯಲ್ಲಿ ಹಾಕಿಕೊಂಡು ಕೂತಿದ್ದ ಶೋಕದ ಡೇರೆಯಲ್ಲೇ ಬಿಟ್ಟು ಬಂದಿದ್ದಳು. ಪರದೆಯ ಮೇಲೆ ಕಪ್ಪು ಟೈ ಕಟ್ಟಿದ ಒಂದು ಮಸುಕು ಆಕಾರವಷ್ಟೇ ಕಾಣುತ್ತಿತ್ತು. ಹಾಗಾಗಿ ಕಣ್ಣು ಕೆಳಗಿಟ್ಟು ಕಿವಿಗೊಟ್ಟಳು. ಆಕಾರ ರಫ್ತಿನ ಬಗ್ಗೆ ಮಾತಾಡಿತು, ದೇಶದ ಮರ್ಯಾದೆಯ ಬಗ್ಗೆ ಮಾತಾಡಿತು, ಒಗ್ಗಟ್ಟು ಎಂಬ ಮಾತನ್ನು ಮೂರು ಸಲ ಆಡಿತು. ಕೊನೆಗೆ ದನಿ ತಗ್ಗಿಸಿತು.

"ಇಂಥ ದುರ್ಘಟನೆ ಸಂಭವಿಸಿರುವುದು ಅತ್ಯಂತ ವಿಷಾದಕರ."

ಅಧ್ಯಕ್ಷರು ಸೊಂಟದವರೆಗೆ ಬಾಗಿದರು.

ಅಂಗಡಿಯಲ್ಲಿ ಒಮ್ಮೆಲೇ ಉಸಿರು ಬಿಟ್ಟ ಸದ್ದಾಯಿತು. ಆಕ್ಟೋಪಸ್ ಮಾರುವ ಮಾಲ್ಸುಕ್ ಒದ್ದೆ ಗವಸಿನಲ್ಲೇ ಚಪ್ಪಾಳೆ ತಟ್ಟಿ ಪಿಲ್ಸುನ್‌ಳನ್ನು ತಬ್ಬಿಕೊಂಡಳು. "ಕೇಳ್ಬಿಟ್ಟ ಕಣೇ, ನಾರೇ ಅಮ್ಮ! ಕ್ಷಮೆ ಕೇಳ್ಬಿಟ್ಟ! ನಿನ್ನ ಹಟ ಗೆಲ್ತು!"

"ನಮ್ಮ ಅಧ್ಯಕ್ಷಂಗೂ ಸೊಂಟ ಅಂತ ಒಂದಿದೆ ಅಂತಾಯ್ತು. ನಾನು ಕತ್ತಿಂದ ಕೆಳಗೆ ಬರೀ ಕುರ್ಚಿ ಅಂದ್ಕೊಂಡಿದ್ದೆ," ಎಂದ ಗೂ ಅಜ್ಜ. ದೋಣಿ ಮಾರಿ ಈಗ ಬಲೆ ಹೊಲಿಯುವ ಮುದುಕ. ಜನ ನಕ್ಕರು. ನಲವತ್ತು ದಿನಗಳ ಮೇಲೆ ಆ ಅಂಗಡಿಯಲ್ಲಿ ಕೇಳಿದ ಮೊದಲ ನಗು.

"ಎಲ್ಲಿ ಕೇಳ್ದ?" ಎಂದಳು ಪಿಲ್ಸುನ್.

"ಅಯ್ಯೋ, ಅಷ್ಟು ದಪ್ಪಕ್ಷರದಲ್ಲಿ ಬರ್ದವ್ರೆ ನೋಡೇ!" ಮಾಲ್ಸುಕ್ ಪರದೆಯ ಕೆಳಗಿನ ಕೆಂಪು ಪಟ್ಟಿಯನ್ನು ಬೆರಳಿಟ್ಟು ಓದಿದಳು: "ತಲೆಬಾಗಿ ಕ್ಷಮೆ ಕೇಳಿದ ಅಧ್ಯಕ್ಷ."

"ಬರೆದಿರೋದು ನಂಗೆ ಕಾಣಲ್ಲ. ನಾನು ಕೇಳಿಸ್ಕೊಂಡೆ. ವಿಷಾದಕರ ಅಂದ. ಕ್ಷಮಿಸಿ ಅನ್ನಲಿಲ್ಲ."

ನಗು ನಿಂತಿತು. ಎಲ್ಲರೂ ವರದಿಗಾರ್ತಿಯ ಕಡೆ ತಿರುಗಿದರು. ಅವಳು ಕಿವಿಯೊಳಗಿನ ತಂತಿ ಸರಿಮಾಡಿಕೊಂಡಳು. "ಆ ಸಾಲು ಒಂಬತ್ತೂವರೆಗೇ ಸಿದ್ಧ ಮಾಡಿಟ್ಟಿರ್ತಾರೆ, ತಾಯಿ. ಅಧ್ಯಕ್ಷರ ಕಚೇರಿಯೋರು ಭಾಷಣಕ್ಕೆ ಮುಂಚೇನೇ ಹೇಳಿ ಕಳಿಸ್ತಾರಲ್ಲ, ಹೀಗೆ ಹೀಗೆ ಅಂತ."

ನಗರ ಕಚೇರಿಯ ಟಾಕ್ ಮುಂದೆ ಬಂದು ಕುರ್ಚಿಯ ಪಕ್ಕ ಮಂಡಿಯೂರಿದ. ಕೆಟ್ಟ ಮನುಷ್ಯನಲ್ಲ; ಬೆಂಕಿಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಬಿಸಿನೀರು ತಂದುಕೊಟ್ಟವನು ಅವನೇ. ಕೈಯಲ್ಲಿ ಪೆಟ್ಟಿಗೆ ಎತ್ತಲು ಮನೆಯವರು ಸಹಿ ಹಾಕಬೇಕಾದ ಒಪ್ಪಿಗೆ ಪತ್ರವಿತ್ತು.

"ತಾಯಿ, ಎರಡೂ ಒಂದೇ ಅರ್ಥ. ದೊಡ್ಡ ಜಾಗದಲ್ಲಿ ಕೂತೋರು ಹಾಗೇ ಮಾತಾಡೋದು."

"ಒಂದೇ ಆಗಿದ್ರೆ ಇದನ್ಯಾಕೆ ಅಂದ? ಅದನ್ನೇ ಅನ್ನಬಹುದಿತ್ತಲ್ಲ?"

ಟಾಕ್ ಪತ್ರವನ್ನು ಮಂಡಿಯ ಮೇಲಿಟ್ಟು ಸವರಿದ.

"ಈಗ ನಾನು ನಿನ್ನ ಕಾಲು ತುಳೀತೀನಿ ಅಂತಿಟ್ಕೋ, ಟಾಕ್ ಸಾಹೇಬ. ತುಳಿದು, 'ನಿಮ್ಮ ಕಾಲು ತುಳಿತಕ್ಕೆ ಸಿಕ್ಕಿದ್ದು ವಿಷಾದಕರ' ಅಂತ ಹೋಗ್ಬಿಡ್ತೀನಿ. ನೀನು ಏನಂತೀಯ?"

"ಬೂಟು ತೆಗೆದು ಬಾರಿಸ್ತಾನೆ," ಎಂದ ಗೂ ಅಜ್ಜ. ಈ ಸಲ ಯಾರೂ ನಗಲಿಲ್ಲ.

ಟಾಕ್‌ನ ಫೋನು ಅದುರಿತು. ನೋಡಿ, ನಿಧಾನವಾಗಿ ಹೇಳಿದ: "ಉಳಿದ ಮೂರೂ ಮನೆಯವರು ಒಪ್ಪಿಬಿಟ್ರಂತೆ, ತಾಯಿ. ಟೀವಿ ನೋಡಿ ತುಂಬಾ ಅತ್ರಂತೆ. ನಾಳೆ ಬೆಳಿಗ್ಗೆ ನಾಲ್ಕನ್ನೂ ಒಟ್ಟಿಗೆ ಎತ್ತೋದು ಅಂತ."

ಪಿಲ್ಸುನ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಚಿಪ್ಪು ಕೊಯ್ದ ಗೆರೆಗಳ ಮೇಲೆ ಮತ್ತೆ ಕೊಯ್ದ ಗೆರೆಗಳು. ಅವರಿಗೆ ಫೋನು ಮಾಡಿ ಏನು ಹೇಳುವುದು? ಓದಿದ್ದು ಸುಳ್ಳು, ಕೇಳಿದ್ದು ನಿಜ ಎಂದು ಅಳುತ್ತಿರುವವರಿಗೆ ಹೇಳುವುದು ಹೇಗೆ?

ಮಾಲ್ಸುಕ್ ಪಕ್ಕದ ಬೆಂಚಿನಲ್ಲಿ ಕುಸಿದಳು. "ನೋಡು, ನಿನ್ನ ಜೊತೆ ಬೀದೀಲಿ ಕೂತೋಳು ನಾನು. ಅಲ್ಲ ಅನ್ನು. ಈ ಊರ ಹೆಸರು ಕೇಳಿದ್ರೆ ಸಿಯೋಲ್‌ನೋರು ನಮ್ಮ ಮೀನು ಮುಟ್ತಾ ಇಲ್ಲ. ಸುಟ್ಟ ವಾಸನೆ ಅಂತಾರೆ. ಸಮುದ್ರದ ಮೀನಿಗೆ ಎಲ್ಲಿಂದ ಬಂತೇ ಸುಟ್ಟ ವಾಸನೆ? ಆ ಹುಡುಗೀನಾದ್ರೂ ಬೆಚ್ಚಗೆ ಮಣ್ಣಿಗೆ ಸೇರ್ಸು. ಸಾಕು."

ಬೆಚ್ಚಗೆ ಎಂಬ ಮಾತಿಗೆ ಪಿಲ್ಸುನ್‌ಳ ಕಣ್ಣು ಟಾಕ್‌ನ ಕೈಯತ್ತ ಹೊರಳಿತು. ಅವಳು ಪತ್ರಕ್ಕೆ ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು.

ಅಷ್ಟರಲ್ಲಿ ವರದಿಗಾರ್ತಿ ಗಡಿಯಾರ ನೋಡಿ ಚುರುಕಾದಳು. "ಹತ್ತೂವರೆಗೆ ಮರುಪ್ರಸಾರ ಇದೆ. ಆಗ ತಾಯಿ ಪರದೆ ನೋಡ್ತಾನೇ ಇರ್ಲಿಲ್ಲ, ಒಳ್ಳೆ ಚಿತ್ರ ಒಂದೂ ಸಿಕ್ಕಿಲ್ಲ ನಮಗೆ. ಎಲ್ಲರೂ ಮೊದಲಿನ ಹಾಗೇ ಕೂತ್ಕೊಳ್ಳಿ. ಅಧ್ಯಕ್ಷರು ಬಾಗಿದಾಗ ತಾಯಿ ತಲೆ ಎತ್ತಿ ನೋಡ್ಬೇಕು. ಅಳು ಬಂದ್ರೆ ಒರೆಸ್ಕೋಬೇಡಿ. ಆಮೇಲೆ ನೀವೆಲ್ಲ ಚಪ್ಪಾಳೆ. ಆಗ ತಟ್ಟಿದ್ರಲ್ಲ, ಹಾಗೇ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಇವತ್ತು ಸಂಜೆ ಇಡೀ ದೇಶ ಈ ಮಾರುಕಟ್ಟೆಯನ್ನು ನೋಡುತ್ತದೆ. ನಾಳೆ ಮೀನು ಕೊಳ್ಳಲು ಬಂದರೂ ಬಂದಾರು. ಯಾರೋ ಒಲೆ ಆರಿಸಿದರು.

ಭಾಷಣ ಮತ್ತೆ ಶುರುವಾಯಿತು. ರಫ್ತು, ಮರ್ಯಾದೆ, ಒಗ್ಗಟ್ಟು. ಈ ಸಲ ಯಾರೂ ಕೆಂಪು ಪಟ್ಟಿಯನ್ನು ಓದಲಿಲ್ಲ. ಉಸಿರು ಬಿಗಿಹಿಡಿದು ಕೇಳಿದರು. ಆ ಸಾಲು ಬಂತು. 'ವಿಷಾದಕರ' ಎಂಬ ಮಾತು ಅಂಗಡಿಯ ಮೂಲೆ ಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. ಗೂ ಅಜ್ಜ ಗಂಟಲಲ್ಲೇ ಏನೋ ಬೈದ. ಅಧ್ಯಕ್ಷರು ಬಾಗಿದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕೇಳಿಸಿಕೊಂಡವರೆಲ್ಲರೂ, ಕೇಳಿಸಿಕೊಂಡ ಮೇಲೂ, ಚಪ್ಪಾಳೆ ತಟ್ಟತೊಡಗಿದರು. ಅಜ್ಜನೂ ತಟ್ಟಿದ.

"ತಾಯಿ, ತಲೆ ಎತ್ತಿ," ಎಂದು ವರದಿಗಾರ್ತಿ ಪಿಸುಗುಟ್ಟಿದಳು.

"ಎತ್ತಿಬಿಡಿ ತಾಯಿ, ಒಂದು ಕ್ಷಣ," ಎಂದ ಟಾಕ್.

ಪಿಲ್ಸುನ್ ಎದ್ದಳು. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಟೀವಿಗೂ ಕ್ಯಾಮೆರಾಕ್ಕೂ ಬೆನ್ನಾಗುವಂತೆ ತಿರುಗಿಸಿ ಇಟ್ಟು, ಕೂತಳು.

"ತಾಯಿ, ಈ ಕಡೆ! ಇಲ್ಲಿ ನೋಡ್ಬೇಕು ನೀವು!"

"ನೋಡಲ್ಲ."

ಈಗ ಅವಳ ಎದುರಿಗೆ ಮಾರುಕಟ್ಟೆಯ ಜನರಿದ್ದರು. ಅವಳು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಚಪ್ಪಾಳೆ ಹಿಂದಿನ ಸಾಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಡೆದು ನಿಂತಿತು. ಮಾಲ್ಸುಕ್‌ಳ ಕೈಗಳು ಎದೆಯ ಮುಂದೆ ಒಂದು ಗೇಣು ದೂರದಲ್ಲಿ ಹಾಗೇ ಉಳಿದವು. ಗವಸಿನ ತುದಿಯಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.