ಮೂರು ದಿನಕ್ಕೊಮ್ಮೆ ಬದಲಿಸುವ ನೋವು

ದತ್ತಾತ್ರೇಯರು ಹೆಂಡತಿಯ ಕ್ಯಾನ್ಸರನ್ನು ಒಂದು ಗೇಣು ಮೇಲಕ್ಕೆ ಸರಿಸಿದ್ದರು. ಡಾಕ್ಟರು ಹೇಳಿದ್ದು ಗುದನಾಳದ್ದು. ಆದರೆ ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಗೌರವದಿಂದ ನಿವೃತ್ತರಾದ ಮನುಷ್ಯ ಬಂಧುಬಳಗದ ಮುಂದೆ ಆ ಶಬ್ದವನ್ನು ಹೇಗೆ ಆಡಿಯಾರು? ಫೋನ್ ಬಂದಾಗಲೆಲ್ಲ, "ಹೊಟ್ಟಿದ್ರಿ, ಹೊಟ್ಟಿದು. ಆಪರೇಷನ್ ಆತು, ಈಗ ಆರಾಮ ಇದ್ದಾಳ" ಎಂದು ಹೇಳಿ, ಮಾತನ್ನು ಬಿಸಿಲಿನ ಕಡೆಗೋ ಡಿಎ ಕಡೆಗೋ ತಿರುಗಿಸಿಬಿಡುತ್ತಿದ್ದರು.

ಸುಮಂಗಲಾಗೆ ಐವತ್ತಾರು. ಹೈದರಾಬಾದಿನ ದಿಲ್‌ಸುಖ್‌ನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಆಪರೇಷನ್ನಿನಲ್ಲಿ ಕೆಳಗಿನ ದಾರಿಯನ್ನು ಹೊಲಿದು ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಯಿಂದ ಹೊರತಂದು, ಅದರ ಮೇಲೊಂದು ಚೀಲ ಅಂಟಿಸಿದ್ದರು. ಇನ್ನು ಜೀವಮಾನವಿಡೀ ಹೀಗೇ. ಆಸ್ಪತ್ರೆಯ ನರ್ಸು ಹದಿನೈದು ನಿಮಿಷದಲ್ಲಿ ತೆಲುಗಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟು, "ಅಲವಾಟೈಪೋತುಂದಮ್ಮಾ," ರೂಢಿಯಾಗುತ್ತದೆ ಎಂದು, ಮುಂದಿನ ಹಾಸಿಗೆಗೆ ಹೋಗಿದ್ದಳು.

ರೂಢಿಯಾಗುವ ಮೊದಲೇ ನೆಂಟರು ಬಂದರು. ಎಲ್ಲರಿಗಿಂತ ಮೊದಲು ಶಂಶಾಬಾದಿನಿಂದ ಗಂಗೂಬಾಯಿ, ದತ್ತಾತ್ರೇಯರ ಅಕ್ಕ. ಬರುವಾಗಲೆಲ್ಲ ಒಂದು ಬಾಟಲಿ ಗೋಧಿಹುಲ್ಲಿನ ರಸ ತರುತ್ತಿದ್ದರು. ಬಂದವರು ಮೊದಲು ಕಿಟಕಿ ತೆರೆಯುತ್ತಿದ್ದರು, ಆಮೇಲೆ ಸೋಫಾದ ಆ ತುದಿಯಲ್ಲಿ ಕೂತು, ಕ್ಯಾನ್ಸರ್ ಬಂದ ತಮ್ಮ ಪರಿಚಯದವರ ಕಥೆಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಕಥೆಯ ಕೊನೆಗೆ ಎಲ್ಲರೂ ಸಾಯುತ್ತಿದ್ದರು.

"ಮನಸು ಗಟ್ಟಿ ಇರಬೇಕು ನೋಡು, ಸುಮಂಗಲಾ. ನಮ್ಮ ಓಣ್ಯಾಗಿನ ಶಾಂತಾಬಾಯಿದು ಭಾಳ ಗಟ್ಟಿ ಮನಸು."

"ಈಗ ಹ್ಯಾಂಗಿದ್ದಾರ ಅಕ್ಕಾ?"

"ಹೋದ ಶ್ರಾವಣದಾಗ ಹೋದಳು."

ಇಂಥ ಮಾತುಗಳನ್ನು ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಗಂಡನಿಗೆ ಹೇಳಿದರೆ "ಪ್ರೀತಿಯಿಂದ ಬರತಾರ, ಹಂಗನ್ನಬ್ಯಾಡ" ಎಂದು ಪೇಪರು ಬಿಡಿಸುತ್ತಿದ್ದರು. ಆಪರೇಷನ್ನಾಗಿ ಆರು ವಾರಕ್ಕೆ, ಒಂದು ಮಧ್ಯಾಹ್ನ, ಸುಮಂಗಲಾ ಫೇಸ್‌ಬುಕ್ಕಿನಲ್ಲಿ ಒಂದು ಪುಟ ತೆರೆದಳು. ಹೆಸರು "ಹೊಟ್ಟೆಯ ಎಡಗಡೆ." ಮೊದಲ ಬರಹ ಚಿಕ್ಕದು: "ಇವತ್ತು ನಮ್ಮ ಮನೆಗೆ ನಾಲ್ಕನೇ ಬಾಟಲಿ ಗೋಧಿಹುಲ್ಲಿನ ರಸ ಬಂತು. ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೇನೆ. ಗಿಡದ ಮನಸ್ಸು ಗಟ್ಟಿ ಇಲ್ಲವೋ ಏನೋ, ಒಣಗುತ್ತಿದೆ." ಮರುದಿನ ಚೀಲದ ಬಗ್ಗೆ ಬರೆದಳು. ಅದನ್ನು ಚೀಲ ಎಂದೇ ಬರೆದಳು.

ದತ್ತಾತ್ರೇಯರು ಓದಿ ಕನ್ನಡಕ ತೆಗೆದರು. "ಇದನ್ನೆಲ್ಲಾ ಯಾಕ ಬರೀತಿ? ಮಂದಿ ಓದತಾರ."

"ಓದಲಿ ಅಂತನ ಬರದದ್ದು."

ಆದರೆ ಮಂದಿ ಓದಲಿಲ್ಲ. ಒಂಬತ್ತು ದಿನಕ್ಕೆ ಮೂರು ಲೈಕು ಬಿದ್ದವು. ಅದರಲ್ಲೊಂದು ಅವಳ ಬೆರಳೇ ತಪ್ಪಿ ಒತ್ತಿದ್ದು. ಗಂಟೆಗೊಮ್ಮೆ ಫೋನ್ ತೆರೆದು ನೋಡುವ ತನ್ನ ಚಪಲಕ್ಕೆ ತಾನೇ ನಾಚಿ, ಪುಟ ಮುಚ್ಚಿಬಿಡಬೇಕೆಂದು ಕೂತ ಹತ್ತನೇ ದಿನ ಒಂದು ಮೆಸೇಜು ಬಂತು.

"ಮೇಡಂ, ನಿಮಗೂ ಚೀಲ ಐತೇನ್ರಿ?"

ಬರೆದವನು ಕಲ್ಲೇಶ. ನಾಚಾರಂನ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುವವನು, ಬಸವಕಲ್ಯಾಣದ ಕಡೆಯವನು, ನಲವತ್ತೊಂದು ವಯಸ್ಸು. ಅವನಿಗೆ ಆಪರೇಷನ್ನಾಗಿ ಎಂಟು ತಿಂಗಳಾಗಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಹರ್ನಿಯಾ ಎಂದು ಹೇಳಿದ್ದ. ಚೀಲ ದಿನಕ್ಕೆ ಎರಡು ಸಲ ಬಿಟ್ಟುಕೊಂಡು ಸೋರುತ್ತಿತ್ತು, ಸುತ್ತಲಿನ ಚರ್ಮ ಸುಟ್ಟಂತೆ ಕೆಂಪಾಗಿತ್ತು. ಹೆಂಡತಿಯ ಹಳೇ ಸೀರೆಯ ಪಟ್ಟಿ ಬಿಗಿದುಕೊಂಡು ಕೆಲಸ ಮಾಡುತ್ತಿದ್ದ.

ಸುಮಂಗಲಾ ಪಾಠಕ್ಕೆ ನಿಂತವಳಂತೆ ಪ್ರಶ್ನೆ ಕೇಳುತ್ತಾ ಹೋದಳು. ಚರ್ಮಕ್ಕೆ ಅಂಟಿಸುವ ಬಿಲ್ಲೆಗೆ ಎಷ್ಟು ದೊಡ್ಡ ತೂತು ಕತ್ತರಿಸುತ್ತೀರಿ? ಆಸ್ಪತ್ರೆಯಲ್ಲಿ ಕತ್ತರಿಸಿದಷ್ಟೇ, ಎಂದ. ಅಲ್ಲಿಗೆ ಲೆಕ್ಕ ಸಿಕ್ಕಿತು. ಆಪರೇಷನ್ನಾದಾಗ ಬಾತುಕೊಂಡ ಕರುಳಿನ ಬಾಯಿ ಕೆಲವು ವಾರಗಳಲ್ಲಿ ಸಣ್ಣದಾಗುತ್ತದೆ. ತೂತು ಹಳೇ ಅಳತೆಯದೇ ಇದ್ದರೆ ಸೋರದೆ ಏನು ಮಾಡೀತು? ಮತ್ತೆ ಅಳೆಯಿರಿ, ಬಾಯಿಗಿಂತ ಎರಡು ಮಿಲಿಮೀಟರು ಮಾತ್ರ ಹೆಚ್ಚಿರಲಿ, ಚರ್ಮವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಚಿತ್ರ ಬರೆದು ಕಳಿಸಿದಳು.

ನಾಲ್ಕು ದಿನ ಬಿಟ್ಟು ಉತ್ತರ ಬಂತು. "ಅಕ್ಕಾರ, ಸೋರೂದು ನಿಂತೈತ್ರಿ. ದಿನಾ ಮೈಕ್ರೋಮೀಟರ್ ಹಿಡಿಯಾಂವ ನಾ. ಕೂದಲೆಳಿ ವ್ಯತ್ಯಾಸ ಬಂದ್ರ ಮಾಲು ವಾಪಸ್ ಕಳಸ್ತೀನಿ. ನನ್ನ ಹೊಟ್ಟಿ ಅಳೀಬೇಕಂತ ಎಂಟು ತಿಂಗಳು ಹೊಳೀಲಿಲ್ಲ ನೋಡ್ರಿ."

ಅದನ್ನು ಓದಿ ಸುಮಂಗಲಾ ಆಪರೇಷನ್ನಿನ ನಂತರ ಮೊದಲ ಸಲ ಹೊಲಿಗೆ ನೋಯುವಷ್ಟು ನಕ್ಕಳು. ಆಮೇಲೆ ಅಷ್ಟೇ ಹೊತ್ತು ಅತ್ತಳು.

ಅವನೂ ಸುಮ್ಮನಿರಲಿಲ್ಲ. ಅವಳು ಎರಡು ತಿಂಗಳಿನಿಂದ ಹೊಸ್ತಿಲು ದಾಟಿಲ್ಲ ಎಂದು ಗೊತ್ತಾದಾಗ, ಮೆಟ್ರೋದಲ್ಲಿ ಹನ್ನೊಂದು ಗಂಟೆಯ ಮೇಲೆ ಹೋಗಿ, ಬಾಗಿಲ ಹತ್ತಿರ ನಿಲ್ಲಿ, ಬದಲಿ ಸಾಮಾನನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಡಬ್ಬಿಯಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ ಎಂದು ಬರೆದ. ಅವಳು ಒಂದೇ ಸ್ಟೇಷನ್ನು ಹೋಗಿ ಬಂದಳು. ಅದನ್ನು ಕಾಶಿಯಾತ್ರೆಯಂತೆ ಎರಡು ಪುಟ ಬರೆದಳು. ಹುಮನಾಬಾದಿನ ಬಸಲಿಂಗಮ್ಮ ಎಂಬ ಎಪ್ಪತ್ತರ ಮುದುಕಿ ಮೊಮ್ಮಗಳ ಕೈಯಲ್ಲಿ ಬರೆಸಿ ಕಳಿಸಿದಳು: "ನಾ ನನ್ನ ಚೀಲಕ್ಕ ಕುಪ್ಪಸದ ಖಣದ ಗವಸು ಹೊಲದೀನಿ. ಯಾಕ, ಅದಕ್ಕ ಚಂದ ಕಾಣೂ ಆಸೆ ಇರೂದಿಲ್ಲೇನು?" ಹೀಗೆ ಒಬ್ಬೊಬ್ಬರಾಗಿ ಸೇರಿದರು. ಉಳ್ಳಾಗಡ್ಡಿ ತಿಂದರೆ ಏನಾಗುತ್ತದೆ, ಲಂಗದ ಲಾಡಿ ಎಲ್ಲಿ ಕಟ್ಟಬೇಕು, ಮದುವೆ ಮನೆಯಲ್ಲಿ ಯಾವ ಮೂಲೆ ಹಿಡಿಯಬೇಕು ಎಂಬ ಮಾತುಗಳ ನಡುನಡುವೆ ನೆಂಟರ ಚಾಳಿಗಳು ಉಪ್ಪಿನಕಾಯಿಯಂತೆ ಬಡಿಸಲ್ಪಟ್ಟವು. ನಾಲ್ಕು ತಿಂಗಳಲ್ಲಿ ಓದುವವರು ಎರಡು ಸಾವಿರ ದಾಟಿದರು.

ಎರಡು ಸಾವಿರ ಎಂಬುದು ಸಂಘದವರ ಕಿವಿಗೆ ಬಿತ್ತು. ಕನ್ನಡ ಸ್ನೇಹ ಬಳಗದ ಕಾರ್ಯದರ್ಶಿ ಯಶವಂತ, ಮೈಸೂರಿನಿಂದ ಬಂದು ಐಟಿ ಕಂಪನಿಯಲ್ಲಿರುವ ಯುವಕ, ಒಂದು ಭಾನುವಾರ ಮನೆಗೇ ಬಂದ.

"ಮೇಡಂ, ಮಹಿಳಾ ದಿನಾಚರಣೆಗೆ ನಿಮಗೆ ಸನ್ಮಾನ ಇಟ್ಕೊಂಡಿದೀವಿ. ನಿಮ್ಮ ಬರಹಗಳನ್ನ ಪುಸ್ತಕ ಮಾಡ್ತೀವಿ. ತುಂಬಾ ಇನ್ಸ್‌ಪೈರಿಂಗ್."

"ಓದೀರೇನು?"

"ಓದ್ತೀನಿ ಮೇಡಂ. ಖಂಡಿತ ಓದ್ತೀನಿ."

ಸನ್ಮಾನವೆಂದರೆ ಅವಳಿಗೂ ಆಸೆಯೇ. ಒಪ್ಪಿಕೊಂಡಳು. ಎರಡು ದಿನ ಕನ್ನಡಿಯ ಮುಂದೆ ಶಾಲು ಹೊದ್ದು ನೋಡಿದಳು. ದತ್ತಾತ್ರೇಯರಂತೂ ಆಮಂತ್ರಣ ಪತ್ರಿಕೆಯನ್ನು ತಾವೇ ಎಲ್ಲರಿಗೂ ಕಳಿಸಿದರು.

ಕಾರ್ಯಕ್ರಮಕ್ಕೆ ಮೂರು ದಿನವಿದ್ದಾಗ ಪುಸ್ತಕ ಕೈಗೆ ಬಂತು. "ನೋವನ್ನು ಗೆದ್ದ ನಗು." ಮುಖಪುಟದ ಮೇಲೆ ಸೂರ್ಯೋದಯ. ಒಳಗೆ ಚೀಲ ಎಂಬ ಶಬ್ದ ಒಂದೂ ಇರಲಿಲ್ಲ. ಅದಿದ್ದ ಕಡೆಯಲ್ಲೆಲ್ಲ "ಆ ನೋವು" ಎಂದಿತ್ತು.

ಫೋನ್ ಮಾಡಿದಾಗ ಯಶವಂತ ಮೆಲ್ಲಗೆ ಹೇಳಿದ, "ಅಧ್ಯಕ್ಷರೇ ಕೂತು ತಿದ್ದಿದ್ದು ಮೇಡಂ. ಕುಟುಂಬ ಸಮೇತ ಓದೋ ಹಾಗಿರಬೇಕಲ್ವಾ. ಪ್ರಿಂಟ್ ಆಗೋಗಿದೆ."

ಅಧ್ಯಕ್ಷರು ಜನಾರ್ದನ ಮಾಸ್ತರು, ನಿವೃತ್ತ ಕನ್ನಡ ಪಂಡಿತರು, ಯಾವ ಸಭೆಯಲ್ಲೂ ಮುಕ್ಕಾಲು ಗಂಟೆಗೆ ಕಡಿಮೆ ಮಾತಾಡದವರು. ಸುಮಂಗಲಾ ಸಿಟ್ಟಿನಿಂದ ಪುಟ ತಿರುವಿದಳು. ಓದುತ್ತ ಓದುತ್ತ ಸಿಟ್ಟು ಬೇರೇನೋ ಆಯಿತು. ಒಂದು ಪುಟದ ಫೋಟೋ ತೆಗೆದು ತನ್ನ ಚೀಲದ ಗೆಳೆಯರಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಕಲ್ಲೇಶ ಬರೆದ: "ಅಕ್ಕಾರ, ಇವತ್ತು ಬಸ್ಸಿನಾಗ ನನ್ನ ನೋವಿನ ಕ್ಲಿಪ್ಪು ಬಿಚ್ಚಿತ್ರಿ." ಬಸಲಿಂಗಮ್ಮ ತನ್ನ ನೋವನ್ನು ಒಗೆದು ಒಣಹಾಕಿದ್ದಾಗಿ ಬರೆಸಿದಳು.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ಶಾಲು, ಹಣ್ಣಿನ ಬುಟ್ಟಿ, ಫಲಕ ಎಲ್ಲ ಆದವು. ಜನಾರ್ದನ ಮಾಸ್ತರು "ನಮ್ಮ ಭಗಿನಿ ಸುಮಂಗಲೆಯು ವೇದನೆಯ ಸಾಗರವನ್ನು ಈಜಿದ ಧೀರೆ" ಎಂದು ಶುರುಮಾಡಿ ಮುಕ್ಕಾಲು ಗಂಟೆ ಈಜಿದರು. ಕೊನೆಗೆ, ಪುಸ್ತಕದಿಂದ ಒಂದು ಪುಟ ಓದಿ ಎಂದರು. ಸುಮಂಗಲಾ ಎದ್ದಳು. ಅಚ್ಚಾದದ್ದನ್ನು ಅಚ್ಚಾದ ಹಾಗೇ, ಒಂದಕ್ಷರ ಬಿಡದೆ ಓದಿದಳು.

"ಆ ನೋವನ್ನು ಮೂರು ದಿನಕ್ಕೊಮ್ಮೆ ಬದಲಿಸಬೇಕು."

ಮುಂದಿನ ಸಾಲಿನವರು ಗಂಭೀರವಾಗಿ ತಲೆದೂಗಿದರು.

"ಬದಲಿಸುವ ಮೊದಲು ಆ ನೋವಿನ ಬಿಲ್ಲೆಗೆ ದುಂಡಗೆ ತೂತು ಕತ್ತರಿಸಿಕೊಳ್ಳಬೇಕು. ಅಳತೆ ತಪ್ಪಿದರೆ ಆ ನೋವು ಸೋರುತ್ತದೆ."

ಯಾರೋ ಮೂಗೆಳೆದುಕೊಂಡರು. ಎರಡನೇ ಸಾಲಿನಲ್ಲಿ ಗಂಗೂಬಾಯಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

"ಆ ನೋವು ಮೂರನೇ ಒಂದರಷ್ಟು ತುಂಬಿದ ಕೂಡಲೇ ಖಾಲಿ ಮಾಡಿ, ಕೆಳಗಿನ ಕ್ಲಿಪ್ಪನ್ನು ಒರೆಸಿ ಹಾಕಬೇಕು. ಪ್ರಯಾಣದಲ್ಲಿ ಇನ್ನೆರಡು ನೋವುಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು."

ಚಪ್ಪಾಳೆ ಬಿತ್ತು. ಎದ್ದು ನಿಂತು ಹೊಡೆದರು. ಮುಂದಿನ ಸಾಲಿನ ಹೆಂಗಸರು ಅಳುತ್ತಿದ್ದರು, ಯಶವಂತ ಅಳುತ್ತ ವಿಡಿಯೋ ತೆಗೆಯುತ್ತಿದ್ದ. ಕೊನೇ ಸಾಲಿನಲ್ಲಿ ನೀಲಿ ಅಂಗಿಯವನೊಬ್ಬ ಮಾತ್ರ ಕರವಸ್ತ್ರ ಬಾಯಿಗೆ ತುರುಕಿಕೊಂಡು ಹೊರಗೆ ಓಡಿದ. ಅವನೇ ಕಲ್ಲೇಶ ಇರಬೇಕೆಂದುಕೊಂಡಳು. ವೇದಿಕೆಯ ಮೇಲೆ ಜನಾರ್ದನ ಮಾಸ್ತರು ಅಳಲೂ ಇಲ್ಲ, ನಗಲೂ ಇಲ್ಲ. ತಲೆ ತಗ್ಗಿಸಿ, ಜುಬ್ಬಾದ ಎಡಗಡೆಯನ್ನು ಅಂಗೈಯಿಂದ ಒತ್ತಿ ಹಿಡಿದು ಕೂತಿದ್ದರು. ಆ ಹಿಡಿತ ಅವಳಿಗೆ ಗೊತ್ತಿತ್ತು. ಮೊದಲ ಎರಡು ತಿಂಗಳು ಅವಳೂ ಹಾಗೇ ಕೂರುತ್ತಿದ್ದಳು.

ಊಟದ ಸಾಲಿನಲ್ಲಿ ಕಲ್ಲೇಶ ಹೆಂಡತಿಯೊಡನೆ ಬಂದು ಕೈಮುಗಿದ. ಮೊದಲ ಭೇಟಿ. ಸುಮಂಗಲಾ ಕುದಿಯುತ್ತಿದ್ದಳು. "ನಾಚಲಿ ಅಂತ ಓದಿದೆ, ಕಲ್ಲೇಶ. ಇವರು ಅತ್ತರಲ್ಲ."

"ಅಳಾಕ ಅಂತನ ಬಂದಿದ್ರು ಬಿಡ್ರಿ ಅಕ್ಕಾರ. ನಡೀರಿ, ಜೋಳದ ರೊಟ್ಟಿ ಆರಾಕತ್ತಾವ."

ಮಂಗಳವಾರ ಬೆಳಿಗ್ಗೆ ಪುಟಕ್ಕೆ ಒಂದು ಮೆಸೇಜು ಬಂತು. ಹೆಸರು "ಸತ್ಯಾನ್ವೇಷಿ," ಚಿತ್ರ ಒಂದು ಚೆಂಡುಹೂವು. "ಮಾನ್ಯ ಭಗಿನಿಯವರಿಗೆ ವಂದನೆಗಳು. ನನ್ನ ಮಿತ್ರರೊಬ್ಬರಿಗೆ ಎರಡು ವರ್ಷಗಳಿಂದ ತಾವು ವಿವರಿಸಿದ ಉಪಕರಣವಿದ್ದು, ಅದರ ಅಂಚು ಪದೇ ಪದೇ ಮೇಲೇಳುತ್ತದೆ. ಅವರು ಮನೆಯವರ ಬಳಿಯೂ ಈ ವಿಷಯ ಪ್ರಸ್ತಾಪಿಸಲಾರರು. ದಯವಿಟ್ಟು ಪರಿಹಾರ ಸೂಚಿಸಬೇಕು."

ಹೈದರಾಬಾದಿನಲ್ಲಿ ಭಗಿನಿ ಎನ್ನುವವರು ಒಬ್ಬರೇ. ಸುಮಂಗಲಾಗೆ ಮೊದಲು ಚುಚ್ಚಿ ಬರೆಯಬೇಕೆನ್ನಿಸಿತು: ನಿಮ್ಮ ಮಿತ್ರರ ಆ ನೋವಿಗೆ ಗೋಂದು ಹಚ್ಚಲು ಹೇಳಿ ಎಂದು. ಬರೆದಳು ಕೂಡ. ಆಮೇಲೆ ಎರಡು ವರ್ಷ ಎಂಬುದನ್ನು ಇನ್ನೊಮ್ಮೆ ಓದಿದಳು. ಎರಡು ವರ್ಷದಿಂದ ಆ ಮನುಷ್ಯ ಬಾತ್‌ರೂಮಿನ ಚಿಲಕ ಹಾಕಿಕೊಂಡು ಒಬ್ಬರೇ ಅಂಟಿಸಿ, ಒಬ್ಬರೇ ಕಿತ್ತು, ಹೊರಗೆ ಬಂದು ಭಾಷಣ ಮಾಡಿದ್ದಾರೆ. ಬರೆದದ್ದನ್ನು ಅಳಿಸಿದಳು.

ಸ್ನಾನವಾದ ಮೇಲೆ ಚರ್ಮವನ್ನು ಪೂರ್ತಿ ಒಣಗಿಸಬೇಕು, ಸುತ್ತ ಎಣ್ಣೆ, ಕ್ರೀಮು ಸೋಕಬಾರದು, ಬಿಲ್ಲೆಯನ್ನು ಅಂಟಿಸುವ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಬೇಕು, ಅಂಟಿಸಿ ಐದು ನಿಮಿಷ ಕೈಯಿಟ್ಟು ಒತ್ತಿರಬೇಕು. ಎಲ್ಲವನ್ನೂ ಬಿಡಿಸಿ ಬರೆದಳು. ಕಲ್ಲೇಶನ ನಂಬರು ಕೊಟ್ಟಳು. ಗಂಡಸರ ಕೆಲವು ಮಾತುಗಳಿಗೆ ಅವನೇ ವಾಸಿ.

ಶುಕ್ರವಾರ ಸತ್ಯಾನ್ವೇಷಿಯ ಉತ್ತರ ಬಂತು. "ಮಿತ್ರರು ಸುಖವಾಗಿದ್ದಾರೆ. ಮೂರು ದಿನ ಅಂಚು ಕದಲಲಿಲ್ಲ. ತಮ್ಮ ಉಪಕಾರ ಮರೆಯಲಾಗದು." ಕೆಳಗೆ, ಅವಳ ಇತ್ತೀಚಿನ ಬರಹದಲ್ಲಿದ್ದ ಮೂರು ಕಾಗುಣಿತ ದೋಷಗಳ ಪಟ್ಟಿ ಇತ್ತು.

ಅವಳು ಎರಡನ್ನು ತಿದ್ದಿದಳು. ಮೂರನೆಯದು ತಪ್ಪಲ್ಲ ಎಂದು ನಿಘಂಟು ತೆಗೆದು ತೋರಿಸಿ ವಾದಕ್ಕಿಳಿದಳು. ಮಧ್ಯಾಹ್ನದ ಊಟ ಆರಿತೆಂದು ದತ್ತಾತ್ರೇಯರು ಒಳಗಿನಿಂದ ಎರಡು ಸಲ ಕರೆದರೂ ಏಳಲಿಲ್ಲ.